ಕಲಿಕೆಯ ದಿನಗಳಿಗೆ ಸಂಬಳವಿಲ್ಲವೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರವಾಸದ ಸೀಸನ್ ಇಳಿಮುಖವಾಗುತ್ತಿದ್ದಂತೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಹೆಚ್ಚಾಗಿ ಬಂದಿವೆ. ರೆಸಾರ್ಟ್, ಹೋಂಸ್ಟೇ, ಲಾಡ್ಜ್‌ಗಳಲ್ಲಿ ಕೆಲವು ವಾರಗಳ ಅಥವಾ ತಿಂಗಳುಗಳ ಮಟ್ಟಿಗೆ ಸ್ವಚ್ಛತೆಯ ಕೆಲಸಕ್ಕೆ ಸೇರಿದವರು ಬರೆದಿದ್ದಾರೆ. ಅವರನ್ನು ಸೇರಿಸಿಕೊಂಡ ಮಾಲೀಕರೂ ಬರೆದಿದ್ದಾರೆ. ತರಬೇತಿಯ ದಿನಗಳಿಗೆ ಸಂಬಳ ಸಿಗಲಿಲ್ಲವೆಂಬುದು ಒಂದು ಕಡೆಯ ದೂರು, ಕಲಿಸಿದ ಮೇಲೆ ಜನ ನಿಲ್ಲುವುದಿಲ್ಲವೆಂಬುದು ಇನ್ನೊಂದು ಕಡೆಯ ದೂರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದರ ಕಾರಣ ಇನ್ನೊಂದರಲ್ಲಿ ಕಾಣುತ್ತದೆ ಎಂಬ ಕಾರಣಕ್ಕೆ ಈ ಸಲದ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಮತ್ತು ಅವರು ದುಡಿದ ಸಂಸ್ಥೆಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು, ಪಿಯುಸಿ ಓದಿದ್ದೇನೆ. 2025ರ ಡಿಸೆಂಬರ್ 8ರಂದು ನಮ್ಮೂರಿಗೆ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದೆ. ಮೊದಲ ಹದಿನೈದು ದಿನ ಟ್ರೇನಿಂಗ್, ಅದಕ್ಕೆ ಸಂಬಳವಿಲ್ಲ, ಆಮೇಲೆ ಕೆಲಸ ಗ್ಯಾರಂಟಿ ಎಂದು ಸೂಪರ್‌ವೈಸರ್ ಹೇಳಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಎರಡು ದಿನ ಹಾಸಿಗೆ ಹಾಸುವುದನ್ನು, ಬಾತ್‌ರೂಮ್ ತೊಳೆಯುವುದನ್ನು ತೋರಿಸಿಕೊಟ್ಟರು. ಮೂರನೆಯ ದಿನದಿಂದ ದಿನಕ್ಕೆ ಎಂಟು ಹತ್ತು ಕೊಠಡಿಗಳನ್ನು ನಾನೊಬ್ಬಳೇ ಮಾಡಿದೆ. ಹದಿನೈದು ದಿನ ಮುಗಿದಾಗ ಇನ್ನೂ ಒಂದು ವಾರ ನೋಡೋಣ ಎಂದರು. ಹೊಸ ವರ್ಷದ ಗದ್ದಲ ಮುಗಿದ ಮೇಲೆ, ಜನವರಿ 3ರಂದು, ನೀನು ಈ ಕೆಲಸಕ್ಕೆ ಹೊಂದುವುದಿಲ್ಲ ಎಂದು ಕಳಿಸಿಬಿಟ್ಟರು. ಒಂದು ರೂಪಾಯಿಯನ್ನೂ ಕೊಡಲಿಲ್ಲ. ನನ್ನ ಜೊತೆಗೆ ಸೇರಿದ್ದ ಇನ್ನೂ ಮೂವರ ಗತಿಯೂ ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿ ಅವರ ಆಫೀಸಿನಲ್ಲೇ ಇದೆ. ಸಹಿ ಹಾಕಿದ ಮೇಲೆ ಹಣ ಕೇಳುವ ಹಕ್ಕು ನನಗಿದೆಯೇ ಮೇಡಂ?

ಉತ್ತರ: ಇದೆ, ಸಂಶಯ ಬೇಡ. ನೀವು ಬರೆದಿರುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಮೂರನೆಯ ದಿನದಿಂದ ಒಬ್ಬರೇ ಕೊಠಡಿಗಳನ್ನು ಮಾಡಿದಿರಿ ಎಂಬುದು. ನೀವು ಗುಡಿಸಿ, ಒರೆಸಿ, ಹಾಸಿಗೆ ಹಾಸಿದ ಕೊಠಡಿಯನ್ನು ಅದೇ ಮಧ್ಯಾಹ್ನ ಅತಿಥಿಯೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದರೆ ನೀವು ಮಾಡಿದ್ದು ಕೆಲಸ. ಅದನ್ನು ಟ್ರೇನಿಂಗ್ ಎಂದು ಕರೆದ ಮಾತ್ರಕ್ಕೆ ಅದು ಬೇರೇನೋ ಆಗುವುದಿಲ್ಲ. ತೋರಿಸಿಕೊಟ್ಟ ಮೊದಲ ಎರಡು ದಿನಗಳೂ ಇದರಿಂದ ಹೊರಗಲ್ಲ, ಏಕೆಂದರೆ ಆ ಎರಡು ದಿನವೂ ನೀವು ಅವರು ಹೇಳಿದ ಹೊತ್ತಿಗೆ ಬಂದು, ಅವರು ಹೇಳಿದ ಕಡೆ ನಿಂತು, ಅವರು ಹೇಳಿದ್ದನ್ನು ಮಾಡಿದ್ದೀರಿ.

2025ರ ನವೆಂಬರ್ 21ರಂದು 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಕಾಯ್ದೆ ಮತ್ತು 1976ರ ಸಮಾನ ವೇತನ ಕಾಯ್ದೆ, ಈ ನಾಲ್ಕನ್ನೂ ಒಟ್ಟುಗೂಡಿಸಿ ಮಾಡಿದ ಕಾನೂನು ಅದು. ನೀವು ಕೆಲಸಕ್ಕೆ ಸೇರಿದ್ದು ಆ ದಿನಾಂಕದ ನಂತರವಾದ್ದರಿಂದ ನಿಮಗೆ ಅನ್ವಯಿಸುವುದು ಈ ಸಂಹಿತೆಯೇ. ಕುಶಲ, ಅರೆಕುಶಲ, ಅಕುಶಲ, ಯಾವ ಕೆಲಸಕ್ಕೇ ಆಗಲಿ, ಬರಹದ ಮೂಲಕವಾಗಲಿ ಬಾಯಿಮಾತಿನಲ್ಲಾಗಲಿ ಅಥವಾ ನಡೆದುಕೊಂಡ ರೀತಿಯಿಂದಲೇ ಆಗಲಿ ನೇಮಕವಾದ ವ್ಯಕ್ತಿಯನ್ನು ಅದು ಉದ್ಯೋಗಿ ಎಂದು ಪರಿಗಣಿಸುತ್ತದೆ. ಕಲಿಯುವವರ ಪೈಕಿ ಅದು ಹೊರಗಿಡುವುದು 1961ರ ಅಪ್ರೆಂಟಿಸ್ ಕಾಯ್ದೆಯಡಿ ನೇಮಕವಾದವರನ್ನು ಮಾತ್ರ. ಅಪ್ರೆಂಟಿಸ್ ಆಗಬೇಕಾದರೆ ಲಿಖಿತ ಒಪ್ಪಂದವಿರಬೇಕು, ಅದು ನೋಂದಣಿಯಾಗಿರಬೇಕು, ಮಾಸಿಕ ಸ್ಟೈಪೆಂಡ್ ಕೊಡಬೇಕು. ಸೂಪರ್‌ವೈಸರ್ ಬಾಯಲ್ಲಿ ಹೇಳಿದ ಹದಿನೈದು ದಿನದ ಟ್ರೇನಿಂಗ್ ಇವುಗಳಲ್ಲಿ ಯಾವುದೂ ಅಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ವಿದ್ಯಾರ್ಥಿಗಳು ಪಠ್ಯದ ಭಾಗವಾಗಿ ಮಾಡುವ ಇಂಡಸ್ಟ್ರಿಯಲ್ ಟ್ರೇನಿಂಗ್ ಬೇರೆಯ ವಿಷಯ. ಕೆಲವು ಮಾಲೀಕರು ಅದನ್ನೇ ಮಾದರಿಯಾಗಿ ತೋರಿಸಿ ಹಳ್ಳಿಯ ಹೆಣ್ಣುಮಕ್ಕಳನ್ನು ಬಾಯಿ ಮುಚ್ಚಿಸುತ್ತಾರೆ, ಅದಕ್ಕೆ ಮಣಿಯಬೇಡಿ.

ಇನ್ನು ಸಹಿಯ ಮಾತು. ಸಂಹಿತೆಯಡಿ ಬರಬೇಕಾದ ಹಣದ ಹಕ್ಕನ್ನು ಉದ್ಯೋಗಿ ಬಿಟ್ಟುಕೊಡುವಂತಹ ಯಾವುದೇ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಅದರ 60ನೇ ಕಲಂ ಹೇಳುತ್ತದೆ. ಇದು ಹೊಸ ವಿಚಾರವೂ ಅಲ್ಲ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿದ ಕೂಲಿಗಳ ಪ್ರಕರಣದಲ್ಲಿ, 1982ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಆಗುತ್ತದೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬಡತನದ ಒತ್ತಡದಿಂದ ಒಪ್ಪಿಕೊಂಡದ್ದು ಮನಸಾರೆ ಒಪ್ಪಿಕೊಂಡಂತಲ್ಲ ಎಂಬುದು ಆ ತೀರ್ಪಿನ ತಿರುಳು. ನಿಮ್ಮ ಸಹಿಗೂ ಇದೇ ಮಾತು ಸಲ್ಲುತ್ತದೆ.

ಕೆಲಸದಿಂದ ತೆಗೆದರೂ, ತಾವಾಗಿಯೇ ಬಿಟ್ಟರೂ, ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು 17ನೇ ಕಲಂ ವಿಧಿಸುತ್ತದೆ. ಕೊಡದಿದ್ದರೆ ಮೂರು ವರ್ಷಗಳೊಳಗೆ ಹಕ್ಕು ಕೇಳಿ ಅರ್ಜಿ ಹಾಕಬಹುದು. ಅರ್ಜಿಯನ್ನು ವಿಚಾರಿಸುವ ಅಧಿಕಾರಿ ಬಾಕಿ ಹಣದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ಕೊಡಿಸಬಹುದು. ಹಣ ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು, ನಿಮ್ಮದಲ್ಲ. ಆದರೆ ನೀವು ಅಲ್ಲಿ ಕೆಲಸ ಮಾಡಿದ್ದಿರಿ ಎಂಬುದನ್ನು ನೀವೇ ತೋರಿಸಬೇಕಾಗುತ್ತದೆ, ಮತ್ತು ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಆದ್ದರಿಂದ ಇಂದೇ ಕುಳಿತು, ಡಿಸೆಂಬರ್ 8ರಿಂದ ಜನವರಿ 3ರವರೆಗಿನ ಪ್ರತಿಯೊಂದು ದಿನವನ್ನೂ ನೆನಪಿಸಿಕೊಂಡು, ಎಷ್ಟು ಗಂಟೆಗೆ ಹೋದಿರಿ, ಎಷ್ಟು ಗಂಟೆಗೆ ಬಿಟ್ಟಿರಿ, ಯಾವ ಕೊಠಡಿಗಳನ್ನು ಮಾಡಿದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಳಿಗ್ಗೆ ಕೊಠಡಿ ಸಂಖ್ಯೆಗಳನ್ನು ತಿಳಿಸಲು ಸೂಪರ್‌ವೈಸರ್ ವಾಟ್ಸ್‌ಆ್ಯಪ್ ಬಳಸುತ್ತಿದ್ದರೆ ಆ ಸಂದೇಶಗಳು ಬಂಗಾರಕ್ಕೆ ಸಮ. ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರ ಫೋನಿನಲ್ಲೂ ಇಡಿ. ಯೂನಿಫಾರ್ಮ್ ತೊಟ್ಟ ಫೋಟೋ, ಗೇಟಿನ ರಿಜಿಸ್ಟರಿನಲ್ಲಿ ಹಾಕಿದ ಸಹಿ, ದಿನವೂ ಅದೇ ಬಸ್ಸಿನಲ್ಲಿ ಬರುತ್ತಿದ್ದ ಪರಿಚಯದವರ ಮಾತು, ಎಲ್ಲವೂ ಆಧಾರವೇ.

ಮೊತ್ತ ಎಷ್ಟು ಎಂಬುದಕ್ಕೆ ಹೋಟೆಲ್ ಉದ್ಯಮಕ್ಕೆ ರಾಜ್ಯ ಸರ್ಕಾರ ಹೊರಡಿಸಿರುವ ಕನಿಷ್ಠ ವೇತನದ ಅಧಿಸೂಚನೆಯನ್ನು ನೋಡಬೇಕು. ಊರು ಯಾವ ವಲಯಕ್ಕೆ ಸೇರಿದೆ, ಕೆಲಸ ಯಾವ ದರ್ಜೆಯದು ಎಂಬುದರ ಮೇಲೆ ದರ ಬದಲಾಗುತ್ತದೆ, ಪ್ರತಿವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆಯೂ ಪರಿಷ್ಕರಣೆಯಾಗುತ್ತದೆ. ತಿಂಗಳ ದರವನ್ನು 26ರಿಂದ ಭಾಗಿಸಿದರೆ ದಿನದ ದರ ಸಿಗುತ್ತದೆ. ವರ್ಷಾಂತ್ಯದ ರಾತ್ರಿಗಳಲ್ಲಿ ಹೊತ್ತು ಮೀರಿ ದುಡಿಸಿದ್ದರೆ ಆ ಗಂಟೆಗಳಿಗೆ ಎರಡು ಪಟ್ಟು.

ಮೊದಲು ರೆಸಾರ್ಟ್‌ಗೆ ನಾಲ್ವರೂ ಸೇರಿ ಒಂದು ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ತಾಲ್ಲೂಕಿನ ಹಿರಿಯ ಕಾರ್ಮಿಕ ನಿರೀಕ್ಷಕರ ಅಥವಾ ಚಿಕ್ಕಮಗಳೂರಿನ ಕಾರ್ಮಿಕ ಅಧಿಕಾರಿಯ ಕಚೇರಿಗೆ ಅರ್ಜಿ ಕೊಡಿ. ಇಲಾಖೆಯ ಸಹಾಯವಾಣಿ 155214. ವಕೀಲರನ್ನು ಹಿಡಿಯಲು ಹಣವಿಲ್ಲವೆಂಬ ಚಿಂತೆ ಬೇಡ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ. ಆ ನೆರವಿನ ದೂರವಾಣಿ 15100. ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ. ಅದನ್ನು ಹಿಂದಿರುಗಿಸಬೇಕೆಂದು ಅದೇ ಪತ್ರದಲ್ಲಿ ಬೇರೆಯಾಗಿ ಬರೆಯಿರಿ, ಕೊಡದಿದ್ದರೆ ಠಾಣೆಗೆ ದೂರು ಕೊಡಿ. ಏನೂ ಆಗದಿದ್ದರೂ ಪರೀಕ್ಷಾ ಮಂಡಳಿಯಿಂದ ಎರಡನೆಯ ಪ್ರತಿಯನ್ನು ಪಡೆಯಲು ಸಾಧ್ಯವಿದೆ, ಆದ್ದರಿಂದ ಆ ಕಾಗದಕ್ಕಾಗಿ ಹಣದ ಹಕ್ಕನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ನಾವು ಕೊಡಗಿನಲ್ಲಿ ಆರು ಕೊಠಡಿಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಅಕ್ಟೋಬರ್‌ನಿಂದ ಮೇ ತನಕ ಸ್ವಚ್ಛತೆಗೆಂದು ನಾಲ್ಕೈದು ಜನರನ್ನು ಇಟ್ಟುಕೊಳ್ಳುತ್ತೇವೆ. ಏನೂ ಗೊತ್ತಿಲ್ಲದೆ ಬಂದವರಿಗೆ ಮನೆಯವರೇ ನಿಂತು ಎರಡು ವಾರ ಕಲಿಸುತ್ತೇವೆ. ಕಲಿತ ಮೇಲೆ ಹುತ್ತರಿಗೆಂದು ಹೋದವರು ಬರುವುದಿಲ್ಲ, ಇಲ್ಲವೇ ಕಾಫಿ ಕೊಯ್ಲು ಶುರುವಾದ ಕೂಡಲೇ ತೋಟಕ್ಕೆ ಹೊರಟುಹೋಗುತ್ತಾರೆ, ಇಲ್ಲವೇ ನಾವು ಕಲಿಸಿದ ಕೆಲಸವನ್ನು ತೋರಿಸಿ ದೊಡ್ಡ ರೆಸಾರ್ಟ್‌ಗೆ ಸೇರುತ್ತಾರೆ. ಕಳೆದ ಸೀಸನ್ನಿನಲ್ಲಿ ನಾಲ್ಕು ಸ್ಥಾನಗಳಿಗೆ ಒಂಬತ್ತು ಜನ ಬಂದುಹೋದರು. ನಮ್ಮ ಶ್ರಮಕ್ಕೆ ಬೆಲೆಯಿಲ್ಲವೇ? ಮೊದಲ ಎರಡು ವಾರದ ಸಂಬಳವನ್ನು ಹಿಡಿದಿಟ್ಟು ಮೇ ಕೊನೆಗೆ ಕೊಡುವುದು, ಅಥವಾ ನಡುವೆ ಬಿಟ್ಟರೆ ತರಬೇತಿ ವೆಚ್ಚವೆಂದು ಇಂತಿಷ್ಟು ಕಟ್ಟಬೇಕು ಎಂದು ಬಾಂಡ್ ಬರೆಸಿಕೊಳ್ಳುವುದು ಕಾನೂನುಬದ್ಧವೇ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಕೈಹಿಡಿದು ಕಲಿಸಿದವರು ಹೇಳದೆ ಹೋಗಿಬಿಟ್ಟಾಗ ಆಗುವ ನಷ್ಟ ದೊಡ್ಡ ರೆಸಾರ್ಟ್‌ಗಿಂತ ಆರು ಕೊಠಡಿಯ ಮನೆಗೆ ಹೆಚ್ಚು. ಆದರೂ ನೀವು ಕೇಳಿದ ಎರಡು ದಾರಿಗಳೂ ತಪ್ಪು ದಾರಿಗಳೆಂದು ನೇರವಾಗಿಯೇ ಹೇಳಬೇಕಾಗಿದೆ.

ತಿಂಗಳ ಲೆಕ್ಕದಲ್ಲಿ ದುಡಿಯುವವರ ಸಂಬಳವನ್ನು ಮುಂದಿನ ತಿಂಗಳ ಏಳನೆಯ ತಾರೀಕು ದಾಟುವ ಮೊದಲು ಕೊಡಬೇಕೆಂಬುದು ಕಾನೂನು. ಅಕ್ಟೋಬರ್ ದುಡಿಮೆಯ ಅರ್ಧ ತಿಂಗಳ ಹಣವನ್ನು ಮೇ ತನಕ ಹಿಡಿದಿಟ್ಟರೆ ನೀವು ಪ್ರತಿ ತಿಂಗಳೂ ಆ ನಿಯಮವನ್ನು ಮುರಿಯುತ್ತಿರುತ್ತೀರಿ. ಸಂಬಳದಿಂದ ಏನೇನನ್ನು ಮುರಿದುಕೊಳ್ಳಬಹುದು ಎಂಬುದಕ್ಕೂ ವೇತನ ಸಂಹಿತೆಯ 18ನೇ ಕಲಮಿನಲ್ಲಿ ಪಟ್ಟಿಯಿದೆ: ಗೈರುಹಾಜರಿ, ಮುಂಗಡದ ವಸೂಲಿ, ಕೈಗೊಪ್ಪಿಸಿದ ವಸ್ತು ನಿರ್ಲಕ್ಷ್ಯದಿಂದ ಹಾಳಾದರೆ ಅದರ ನಷ್ಟ, ಮಾಲೀಕರು ಕೊಟ್ಟ ವಸತಿ ಮುಂತಾದವು, ಅದೂ ಒಟ್ಟು ಸಂಬಳದ ಅರ್ಧವನ್ನು ಮೀರದಂತೆ. ಕಲಿಸಿದ್ದಕ್ಕೆ ಶುಲ್ಕ ಎಂಬುದು ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ನಾಲ್ಕೈದೇ ಜನರಿದ್ದಾರೆ, ನಮಗೆ ಇದೆಲ್ಲ ಅನ್ವಯಿಸದು ಎಂಬ ತಿಳಿವಳಿಕೆಯೂ ಕೆಲವರಲ್ಲಿದೆ. ಒಬ್ಬರನ್ನು ದುಡಿಸಿಕೊಂಡರೂ ಸಂಬಳದ ಈ ನಿಯಮಗಳು ಅನ್ವಯಿಸುತ್ತವೆ.

ಬಾಂಡ್ ಬಗ್ಗೆ ಕೇಳುವವರೆಲ್ಲ ಈಚೆಗೆ ವಿಜಯಾ ಬ್ಯಾಂಕ್ ತೀರ್ಪನ್ನು ಉಲ್ಲೇಖಿಸುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷ ಮುಗಿಸದೆ ಕೆಲಸ ಬಿಟ್ಟ ಅಧಿಕಾರಿಯಿಂದ ಬ್ಯಾಂಕು ಎರಡು ಲಕ್ಷ ರೂಪಾಯಿ ಪಡೆದದ್ದನ್ನು ಎತ್ತಿಹಿಡಿಯಿತು ಎಂಬುದು ನಿಜ. ಆದರೆ ಅಲ್ಲಿ ಇದ್ದದ್ದು ಒಳ್ಳೆಯ ಸಂಬಳದ ಮ್ಯಾನೇಜರ್ ಹುದ್ದೆ, ಅಖಿಲ ಭಾರತ ಮಟ್ಟದಲ್ಲಿ ಜಾಹೀರಾತು ಕೊಟ್ಟು ಮತ್ತೆ ನೇಮಕ ಮಾಡಬೇಕಾದ ಸಾರ್ವಜನಿಕ ಬ್ಯಾಂಕಿನ ವೆಚ್ಚ. ಕನಿಷ್ಠ ವೇತನದ ಆಸುಪಾಸಿನಲ್ಲಿ ದುಡಿಯುವ, ಎಂಟು ತಿಂಗಳ ಆಚೆಗೆ ಕೆಲಸದ ಭರವಸೆಯನ್ನೇ ಕೊಡದ ಜಾಗದಲ್ಲಿ ನೆಲ ಒರೆಸುವವರಿಗೆ ಆ ತೀರ್ಪನ್ನು ಎಳೆದು ತರುವುದು ನ್ಯಾಯವೂ ಅಲ್ಲ, ನ್ಯಾಯಾಲಯದಲ್ಲಿ ನಿಲ್ಲುತ್ತದೆಂದು ನಂಬುವುದಕ್ಕೂ ಕಾರಣವಿಲ್ಲ. ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಒಪ್ಪಂದ ಮುರಿದವರಿಂದ ಸಿಗುವುದು ಸಮಂಜಸವಾದ ಪರಿಹಾರ ಮಾತ್ರ, ಬಾಂಡಿನಲ್ಲಿ ಬರೆದ ಅಂಕಿಯಲ್ಲ.

ಇದಿಷ್ಟು ಕಾನೂನು. ಇನ್ನು ಜನ ಏಕೆ ಬಿಡುತ್ತಾರೆ ಎಂಬುದನ್ನು ನಿಮ್ಮ ಪತ್ರವೇ ಹೇಳುತ್ತಿದೆ, ಸಮಾಧಾನದಿಂದ ಅದನ್ನು ಮತ್ತೊಮ್ಮೆ ಓದಿ. ಅರೇಬಿಕಾ ಹಣ್ಣಾಗುವುದು ನವೆಂಬರ್ ಡಿಸೆಂಬರ್ ಹೊತ್ತಿಗೆ, ರೋಬಸ್ಟಾ ಜನವರಿಯಿಂದಾಚೆಗೆ. ನಿಮ್ಮ ಅತಿಥಿಗಳು ತುಂಬಿ ತುಳುಕುವುದೂ ಅದೇ ತಿಂಗಳುಗಳಲ್ಲಿ. ಕೊಯ್ಲಿನಲ್ಲಿ ಕೈಚುರುಕಿನವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುತ್ತದೆ, ಗಂಡ ಹೆಂಡತಿ ಜೊತೆಯಾಗಿ ದುಡಿಯಬಹುದು, ವಾರದ ಬಟವಾಡೆ ಕೈಗೆ ಬರುತ್ತದೆ, ಸಂಜೆಗೆ ಮನೆ ಸೇರಬಹುದು. ಹೋಂಸ್ಟೇಯಲ್ಲಿ ಹನ್ನೊಂದಕ್ಕೆ ಅತಿಥಿಗಳು ಖಾಲಿ ಮಾಡಿದರೆ ಒಂದಕ್ಕೆ ಮುಂದಿನವರು ಬಂದು ನಿಲ್ಲುತ್ತಾರೆ. ಆ ಎರಡು ಗಂಟೆಯಲ್ಲಿ ಸೊಂಟ ಮುರಿಯುವಷ್ಟು ಕೆಲಸ, ಆಮೇಲೆ ಸಂಜೆಯವರೆಗೆ ಸುಮ್ಮನೆ ಕಾಯುವುದು, ರಾತ್ರಿ ಊಟದ ಪಾತ್ರೆ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಇಂತಹ ಕೆಲಸಕ್ಕೆ ಮೊದಲ ಎರಡು ವಾರ ಸಂಬಳವೂ ಕೈಗೆ ಬಾರದಿದ್ದರೆ, ಮನೆಯಲ್ಲಿ ಅಕ್ಕಿ ಮುಗಿದ ದಿನ ಅವರು ತೋಟದ ದಾರಿ ಹಿಡಿಯುತ್ತಾರೆ. ಹಿಡಿದಿಟ್ಟ ಹಣ ಅವರನ್ನು ಕಟ್ಟಿಹಾಕುವುದಿಲ್ಲ. ಕಾರ್ಮಿಕ ಇಲಾಖೆಯಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ ಸಂಬಳ ಹಿಡಿದಿಟ್ಟ ಜಾಗಗಳಿಂದಲೇ ಜನ ಬೇಗ ಹೊರಟುಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ, ಏಕೆಂದರೆ ಆ ಹಣ ಸಿಗುತ್ತದೆಂಬ ನಂಬಿಕೆಯೇ ಅವರಿಗಿರುವುದಿಲ್ಲ.

ಕಾನೂನಿನೊಳಗೇ ನೀವು ಮಾಡಬಹುದಾದದ್ದು ಬಹಳಷ್ಟಿದೆ. ಸಂಬಳವನ್ನು ಪೂರ್ತಿಯಾಗಿ ಕೊಟ್ಟು, ಅದರ ಮೇಲೆ, ಮೇ ಕೊನೆಯವರೆಗೆ ನಿಂತವರಿಗೆ ಇಂತಿಷ್ಟು ಹಣ ಎಂದು ಬರಹದಲ್ಲಿ ಭರವಸೆ ಕೊಡಿ. ಸಂಬಳದಿಂದ ಕಿತ್ತುಕೊಳ್ಳದೆ ಮೇಲಿಂದ ಕೊಡುವ ಇಂತಹ ಹಣಕ್ಕೆ ಯಾವ ಅಡ್ಡಿಯೂ ಇಲ್ಲ. ಕೊಯ್ಲಿನ ತಿಂಗಳುಗಳಲ್ಲಿ ದಿನಪೂರ್ತಿಯ ಬದಲಿಗೆ ಹತ್ತರಿಂದ ಎರಡರವರೆಗಿನ ಪಾಳಿಗೆ ಜನ ಸಿಗುತ್ತಾರೆಯೇ ಎಂದು ಅಕ್ಕಪಕ್ಕದ ಲೈನ್ ಮನೆಗಳಲ್ಲಿ ವಿಚಾರಿಸಿ. ಹುತ್ತರಿ ಎಂದು ಬರುತ್ತದೆಂಬುದು ಮೊದಲೇ ತಿಳಿದಿರುವಾಗ ಆ ಮೂರು ದಿನಗಳ ರಜೆಯನ್ನು ನೀವಾಗಿಯೇ ಸರದಿಯಂತೆ ಹಂಚಿದರೆ ಹೇಳದೆ ಹೋಗುವ ಪ್ರಮೇಯವೇ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮೇ ತಿಂಗಳಲ್ಲಿ ಕಳಿಸಿಕೊಡುವಾಗಲೇ ಮುಂದಿನ ಅಕ್ಟೋಬರ್‌ಗೆ ಮೊದಲ ಕರೆ ನಿಮಗೇ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಮರಳಿ ಬಂದವರಿಗೆ ಎರಡು ವಾರ ಕಲಿಸುವ ಅಗತ್ಯವಿಲ್ಲ.

ಕಲಿಸುವುದನ್ನು ಉಪಕಾರವೆಂದು ಭಾವಿಸಬೇಡಿ ಎಂಬ ಮಾತನ್ನೂ ಸೇರಿಸುತ್ತೇನೆ. ಬ್ಲೀಚಿಂಗ್ ಪೌಡರನ್ನೂ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೂ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಡುವುದು, ಕೈಗವಸು ಕೊಡುವುದು, ಮಾಲೀಕರಾದ ನಿಮ್ಮ ಕರ್ತವ್ಯ. ಅದರ ವೆಚ್ಚವನ್ನು ಕಲಿಯುವವರ ಮೇಲೆ ಹೊರಿಸಲಾಗದು.

ಪ್ರಶ್ನೆ: ಗೋಕರ್ಣದ ಹತ್ತಿರ ಕಡಲತೀರದ ಕಾಟೇಜ್‌ಗಳಲ್ಲಿ ಐದು ಸೀಸನ್ನಿನಿಂದ ಸ್ವಚ್ಛತೆಯ ಕೆಲಸ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಕಾಟೇಜ್ ಮುಚ್ಚುತ್ತಾರೆ. ಪ್ರತಿ ಅಕ್ಟೋಬರ್‌ನಲ್ಲಿ ತೆರೆಯುವ ಮೊದಲು ಒಂದು ವಾರ ಟ್ರೇನಿಂಗ್ ಎಂದು ಕರೆಸಿ, ಮಳೆಗೆ ಬೂಷ್ಟು ಹಿಡಿದ ಗೋಡೆಗಳನ್ನೆಲ್ಲ ತಿಕ್ಕಿಸುತ್ತಾರೆ; ಆ ವಾರಕ್ಕೆ ಸಂಬಳವಿಲ್ಲ. ಪ್ರತಿವರ್ಷ ಹೊಸಬಳೆಂದೇ ಬರೆದುಕೊಳ್ಳುತ್ತಾರೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕೇಳಿದರೆ ನೀನು ಸೀಸನ್ನಿನವಳು ಎಂದರು.

ಉತ್ತರ: ಐದು ವರ್ಷದಿಂದ ಮಾಡುತ್ತಿರುವ ಕೆಲಸಕ್ಕೆ ಪ್ರತಿವರ್ಷ ಟ್ರೇನಿಂಗ್ ಎನ್ನುವುದು ಸುಳ್ಳು, ಬೂಷ್ಟು ತಿಕ್ಕುವುದು ಸೀಸನ್ನಿನ ಮೊದಲ ವಾರದ ಕೆಲಸ, ಅದಕ್ಕೆ ಪೂರ್ತಿ ಸಂಬಳ ಬರಬೇಕು. ಮೂಡಿಗೆರೆಯ ಸೋದರಿಗೆ ಮೇಲೆ ಬರೆದದ್ದೆಲ್ಲ ನಿಮಗೂ ಅನ್ವಯಿಸುತ್ತದೆ. 2025ರ ನವೆಂಬರ್ 21ಕ್ಕೆ ಹಿಂದಿನ ವಾರಗಳಿಗೆ ಮಾತ್ರ 1948ರ ಹಳೆಯ ಕನಿಷ್ಠ ವೇತನ ಕಾಯ್ದೆ ಅನ್ವಯವಾಗುವುದರಿಂದ, ಅದರಲ್ಲಿ ಆರೇ ತಿಂಗಳ ಗಡುವಿತ್ತು ಎಂಬುದನ್ನು ನೆನಪಿಡಿ. 2025ರ ಅಕ್ಟೋಬರಿನ ವಾರಕ್ಕೆ ತಡಮಾಡದೆ ಅರ್ಜಿ ಹಾಕಿ, ಅದಕ್ಕೂ ಹಿಂದಿನವುಗಳನ್ನು ತಡವಾದದ್ದಕ್ಕೆ ಕಾರಣ ಬರೆದು ಕೇಳಿ ನೋಡಬಹುದು.

ಗ್ರಾಚ್ಯುಟಿಯ ವಿಷಯದಲ್ಲಿ ಸೀಸನ್ನಿನವಳೆಂಬ ಕಾರಣಕ್ಕೇ ಹಕ್ಕು ಇಲ್ಲವಾಗುವುದಿಲ್ಲ. ಹತ್ತು ಅಥವಾ ಹೆಚ್ಚು ಜನ ದುಡಿಯುವ, ವರ್ಷದ ಕೆಲವು ಕಾಲ ಮಾತ್ರ ನಡೆಯುವ ಸಂಸ್ಥೆಯಾದರೆ, ಅದು ತೆರೆದಿದ್ದ ದಿನಗಳಲ್ಲಿ ಶೇಕಡಾ 75ಕ್ಕೆ ಕಡಿಮೆಯಿಲ್ಲದಷ್ಟು ದಿನ ದುಡಿದವರಿಗೆ ಆ ವರ್ಷ ನಿರಂತರ ಸೇವೆಯೆಂದೇ ಲೆಕ್ಕ. ಅಂತಹ ಐದು ವರ್ಷಗಳಾದರೆ, ಪ್ರತಿ ಸೀಸನ್ನಿಗೆ ಏಳು ದಿನದ ಸಂಬಳದಂತೆ ಗ್ರಾಚ್ಯುಟಿ ಸಿಗಬೇಕು, ಕೆಲಸ ಬಿಡುವಾಗ. ವರ್ಷಪೂರ್ತಿ ತೆರೆದಿರುವ ಹೋಟೆಲಿನಲ್ಲಿ ಸೀಸನ್ನಿಗೆ ಮಾತ್ರ ಹೋಗುವವರಿಗೆ ಈ ಲೆಕ್ಕ ಒದಗುವುದಿಲ್ಲ, ಅಲ್ಲಿ ವರ್ಷಕ್ಕೆ 240 ದಿನ ಬೇಕು. ನಿಮ್ಮ ಕಾಟೇಜ್ ಮಳೆಗಾಲದಲ್ಲಿ ನಿಜವಾಗಿಯೂ ಮುಚ್ಚುತ್ತದೆ ಎಂಬುದೇ ನಿಮಗೆ ಅನುಕೂಲದ ಸಂಗತಿ. ಹೊಸಬಳೆಂದು ಬರೆದುಕೊಂಡ ಪ್ರತಿವರ್ಷದ ಕಾಗದವನ್ನೂ ಜೋಪಾನವಾಗಿಡಿ, ಐದು ವರ್ಷವೂ ಅಲ್ಲೇ ಇದ್ದಿರಿ ಎಂಬುದಕ್ಕೆ ಅವರೇ ಬರೆದ ಸಾಕ್ಷಿ ಅದು.

ಪ್ರಶ್ನೆ: ನಾನು ಮೈಸೂರಿನಲ್ಲಿ ಪದವಿ ಓದುತ್ತಿದ್ದೇನೆ. 2025ರ ದಸರಾ ರಜೆಯಲ್ಲಿ, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ, ಗುತ್ತಿಗೆದಾರರೊಬ್ಬರು ನಮ್ಮ ಕಾಲೇಜಿನ ಆರು ಹುಡುಗರನ್ನು ಒಂದು ಲಾಡ್ಜಿನ ಸ್ವಚ್ಛತೆಗೆ ಕರೆದೊಯ್ದರು. ಮೊದಲ ಮೂರು ದಿನ ಕಲಿಕೆ ಎಂದು ಕಡಿದುಕೊಂಡು ಉಳಿದದ್ದನ್ನು ಕೊಡುತ್ತೇನೆಂದವರು ಈಗ ಫೋನ್ ಎತ್ತುತ್ತಿಲ್ಲ. ನಾವು ಗುತ್ತಿಗೆದಾರರಿಗೆ ಪೂರ್ತಿ ಕೊಟ್ಟಾಗಿದೆ ಎಂದು ಲಾಡ್ಜಿನವರು ಹೇಳುತ್ತಾರೆ.

ಉತ್ತರ: ಹನ್ನೊಂದು ದಿನದ ಕೆಲಸದಲ್ಲಿ ಮೂರು ದಿನ ಕಲಿಕೆ ಎಂದು ಕಡಿಯುವುದು ಸಲ್ಲದು. ನಿಮ್ಮದು ಹೊಸ ಸಂಹಿತೆ ಜಾರಿಗೆ ಬರುವ ಮೊದಲಿನ ಪ್ರಕರಣವಾದ್ದರಿಂದ 1948ರ ಕನಿಷ್ಠ ವೇತನ ಕಾಯ್ದೆಯನ್ನೇ ನೋಡಬೇಕು. ನೇರವಾಗಿಯಾಗಲಿ ಬೇರೊಬ್ಬರ ಮೂಲಕವಾಗಲಿ ಜನರನ್ನು ದುಡಿಸಿಕೊಳ್ಳುವವರನ್ನು ಆ ಕಾಯ್ದೆ ಮಾಲೀಕರೆಂದೇ ಕರೆಯುತ್ತದೆ. ಆದ್ದರಿಂದ ಗುತ್ತಿಗೆದಾರರಿಗೆ ಕೊಟ್ಟಿದ್ದೇವೆಂದು ಲಾಡ್ಜಿನವರು ಕೈತೊಳೆದುಕೊಳ್ಳಲಾಗದು. ಅವರಿಬ್ಬರ ನಡುವಿನ ಲೆಕ್ಕ ಅವರಿಗೇ ಸೇರಿದ್ದು. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಆರು ಜನರೂ ಸೇರಿ ಸಹಿ ಹಾಕಿ. ಸಂಬಳ ಕೊಡಬೇಕಾಗಿದ್ದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕು, ಆ ಗಡುವು ಹತ್ತಿರ ಬಂದಿದೆ. ಪರೀಕ್ಷೆ ಮುಗಿಯಲೆಂದು ಕಾಯಬೇಡಿ.

ಪ್ರಶ್ನೆ: ನಮ್ಮದು ಹಾಸನ. ಮಗಳು ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಕ್ರಿಸ್‌ಮಸ್ ಹೊತ್ತಿನಲ್ಲಿ ಕಾರ್ನ್‌ವಾಲ್ ಕಡೆಯ ರಜಾಮನೆಗಳನ್ನು ಸ್ವಚ್ಛಗೊಳಿಸುವ ಏಜೆನ್ಸಿಯೊಂದಕ್ಕೆ ಸೇರಿದಳು. ಮೊದಲ ನಾಲ್ಕು ಶಿಫ್ಟ್ ಟ್ರಯಲ್ ಎಂದು ಹಣ ಕೊಡಲಿಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಹೋಗುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ, ಯೂನಿಫಾರ್ಮಿಗೆಂದು ಮುರಿದುಕೊಂಡರು. ಜೊತೆಗಿದ್ದವರೆಲ್ಲ ವಾರಕ್ಕೊಬ್ಬರಂತೆ ಬಿಟ್ಟುಹೋದರಂತೆ. ವೀಸಾಕ್ಕೆ ತೊಂದರೆಯಾದೀತೆಂದು ಅವಳು ಸುಮ್ಮನಿದ್ದಾಳೆ. ಅಲ್ಲಿ ಕೇಳುವವರು ಯಾರೂ ಇಲ್ಲವೇ?

ಉತ್ತರ: ಇದ್ದಾರೆ ತಾಯಿ. ಬ್ರಿಟನ್ನಿನ 2015ರ ರಾಷ್ಟ್ರೀಯ ಕನಿಷ್ಠ ವೇತನ ನಿಯಮಗಳಡಿ ಕೆಲಸದ ತರಬೇತಿಯ ಸಮಯವೂ, ಒಂದು ಕೆಲಸದ ಜಾಗದಿಂದ ಇನ್ನೊಂದಕ್ಕೆ ಹೋಗುವ ಸಮಯವೂ ಸಂಬಳದ ಸಮಯವೇ. ಅಭ್ಯರ್ಥಿ ಕೆಲಸ ಬಲ್ಲರೇ ಎಂದು ನೋಡಲು ಸ್ವಲ್ಪ ಹೊತ್ತಿನ ಟ್ರಯಲ್‌ಗೆ ಅವಕಾಶವಿದೆ. ಆದರೆ ಒಂದು ದಿನವನ್ನು ಮೀರಿದರೆ ಬಹುಮಟ್ಟಿಗೆ ಸಂಬಳ ಕೊಡಲೇಬೇಕಾಗುತ್ತದೆಂದು ಅಲ್ಲಿನ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ನಾಲ್ಕು ಶಿಫ್ಟ್ ಎಂಬುದು ಯಾವ ಲೆಕ್ಕದಲ್ಲೂ ಟ್ರಯಲ್ ಅಲ್ಲ. 21 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಿಗೆ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಕನಿಷ್ಠ ದರ ಗಂಟೆಗೆ 12.21 ಪೌಂಡ್, 2026ರ ಏಪ್ರಿಲ್‌ನಿಂದ ಅದು 12.71 ಪೌಂಡ್. ಅವಳ ಕೆಲಸದ, ಟ್ರಯಲ್ಲಿನ ಮತ್ತು ವ್ಯಾನಿನ ಗಂಟೆಗಳನ್ನೆಲ್ಲ ಕೂಡಿಸಿ, ಯೂನಿಫಾರ್ಮಿನ ಹಣ ಮುರಿದು ಬಂದ ಮೊತ್ತವನ್ನು ಆ ಗಂಟೆಗಳಿಂದ ಭಾಗಿಸಲಿ. ಕ್ರಿಸ್‌ಮಸ್ ಹೊತ್ತಿನ ಆ 12.21 ಪೌಂಡ್ ದರಕ್ಕಿಂತ ಕಡಿಮೆ ಬಂದರೆ ಕಾನೂನು ಮುರಿದಂತೆಯೇ.

ವೀಸಾದ ಅಂಜಿಕೆ ಸಹಜ, ಆದರೆ ಅನುಮತಿಯೊಳಗೆ ದುಡಿದ ವಿದ್ಯಾರ್ಥಿಗೆ ಅಲ್ಲಿನ ಯಾವುದೇ ಕೆಲಸಗಾರರಿಗಿರುವಷ್ಟೇ ಹಕ್ಕಿದೆ, ಸಂಬಳ ಕೇಳಿದ್ದರಿಂದ ವೀಸಾ ಹೋಗುವುದಿಲ್ಲ. ಪದವಿ ಮಟ್ಟದ ಮತ್ತು ಅದಕ್ಕೆ ಮೇಲಿನ ಓದಿಗೆ ಸಾಮಾನ್ಯವಾಗಿ ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆಗಳ ಮಿತಿಯಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಎಲ್ಲ ಬಿಡುವೂ ರಜೆಯೆಂದು ಲೆಕ್ಕವಾಗುವುದಿಲ್ಲವಾದ್ದರಿಂದ, ತನ್ನ ವಾರಗಳು ಆ ಮಿತಿಯೊಳಗಿದ್ದವೇ ಎಂಬುದನ್ನು ಮೊದಲು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಲಹಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಲಿ. ಅನಂತರ ದಿನಾಂಕ, ಮನೆಗಳ ವಿಳಾಸ, ಗಂಟೆಗಳನ್ನು ಬರೆದು ಏಜೆನ್ಸಿಗೆ ಇ-ಮೇಲ್ ಕಳಿಸಲಿ. ಅಲ್ಲಿನ ಕಾರ್ಮಿಕ ಸಲಹಾ ಸಂಸ್ಥೆಯಾದ ಏಕಾಸ್ ಉಚಿತವಾಗಿ ಮಾರ್ಗದರ್ಶನ ಕೊಡುತ್ತದೆ, ಅಲ್ಲಿನ ಸರ್ಕಾರಕ್ಕೆ ಕನಿಷ್ಠ ವೇತನದ ದೂರನ್ನು ಬೇರೆಯಾಗಿ ಕೊಡಬಹುದು. ಉದ್ಯೋಗ ನ್ಯಾಯಮಂಡಳಿಗೆ ಹೋಗಬೇಕಾದರೆ, ಹಣ ಕೊಡಬೇಕಾಗಿದ್ದ ದಿನದಿಂದ ಮೂರು ತಿಂಗಳು ತುಂಬುವ ಮೊದಲೇ ಏಕಾಸ್ ಬಳಿ ಸಂಧಾನದ ಅರ್ಜಿ ದಾಖಲಾಗಬೇಕು. ಕ್ರಿಸ್‌ಮಸ್ ಕೆಲಸದ ಹಣ ಜನವರಿ ಕೊನೆಗೆ ಬರಬೇಕಿತ್ತು ಎಂದಾದರೆ ಏಪ್ರಿಲ್ ಕೊನೆಗೆ ಆ ಬಾಗಿಲು ಮುಚ್ಚುತ್ತದೆ. ಇಂದು ರಾತ್ರಿ ಅವಳಿಗೆ ಫೋನ್ ಮಾಡಿದಾಗ ಮೊದಲು ಈ ದಿನಾಂಕವನ್ನು ತಿಳಿಸಿ.